ನೂರ ಹದಿನಾಲ್ಕನೆಯ ಪುಟ

ಕಾರ್ಲಿಸ್ ಹಾರ್ಬರ್, ಮೇನ್
12 ಜನವರಿ 2023

ಜನೀನ್,

ನಿನ್ನ ಹೊಸ ಕಾದಂಬರಿಯ ಮುಂಗಡ ಪ್ರತಿಯೊಂದು ಮಂಗಳವಾರ ನಮ್ಮೂರ ಲೈಬ್ರರಿಗೆ ಬಂದಿದೆ. ಸುದ್ದಿ ತಂದವಳು ಲೈಬ್ರರಿಯ ಕಾನಿ ಮೆರಿಟ್. ಪುಸ್ತಕ ಅಂಗಡಿಗೆ ಬರುವ ನಾಲ್ಕು ತಿಂಗಳು ಮೊದಲೇ ಪ್ರಕಾಶಕರು ಲೈಬ್ರರಿಗಳಿಗೆ ಹೀಗೆ ಕಳಿಸುತ್ತಾರಂತೆ. ಬುಧವಾರ ಬೆಳಿಗ್ಗೆ ಅದನ್ನು ಕಂಕುಳಲ್ಲಿ ಹಿಡಿದುಕೊಂಡು ಮೀನುಗಾರರ ಸೊಸೈಟಿಗೆ ಬಂದಳು. "ನಮ್ಮ ಮರ್ಟನ್ ಕ್ರೌಲಿ ಮಗಳು ಬರೆದಿದ್ದು ಕಣ್ರೋ. ಒಬ್ಬೊಬ್ಬರೇ ಓದಿ. ಕಾಫಿ ಚೆಲ್ಲಿದವರು ಹೊಸದು ತಂದುಕೊಡ್ಬೇಕು" ಅಂತ ಹೇಳಿ ಮೇಜಿನ ಮೇಲೆ ಇಟ್ಟಳು.

ಮುದುಕ ಹಾಲಿಸ್ ಕನ್ನಡಕ ಹಾಕಿಕೊಂಡು ನಾಲ್ಕು ಪುಟ ಮಗುಚಿದ. "ಊರಿನ ಹೆಸರು ಬದಲಾಯ್ಸಿದಾಳೆ, ಬಂಡೆ ಹೆಸರು ಬದಲಾಯ್ಸೋಕೆ ಮರ್ತಿದಾಳೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನ ಟ್ರಕ್ಕಿನಲ್ಲಿ ಕೂತು ಏಳನೆಯ ಅಧ್ಯಾಯ ಓದಿದೆ. ಹೊರಗಿನಿಂದ ಬಂದವನೊಬ್ಬ ನಮ್ಮವರ ನೀರಿನಲ್ಲಿ ಲಾಬ್‌ಸ್ಟರ್ ಬೋನು ಬಿಡುತ್ತಾನೆ. ಅವನ ಬೋನಿನ ಮೇಲೆ ತೇಲುವ ಬೆಂಡಿನ ಕೋಲಿಗೆ ನಿನ್ನ ಕಾದಂಬರಿಯ ಅಪ್ಪ ಜೋಡಿ ಅರೆಗಂಟು ಹಾಕುತ್ತಾನೆ. ಇಲ್ಲಿಂದ ಹೊರಡು ಎಂಬ ಎಚ್ಚರಿಕೆ. ಅವನು ಹೊರಡುವುದಿಲ್ಲ. ಹಗ್ಗಗಳು ಕತ್ತರಿಸಿಹೋಗುತ್ತವೆ. ತಳದಲ್ಲಿ ಉಳಿದ ಬೋನುಗಳನ್ನು ಎತ್ತಲು ಅವನು ಒಬ್ಬನೇ ಪಾತಾಳಗರಡಿ ಹಿಡಿದು ಹೋಗುತ್ತಾನೆ, ವಾಪಸು ಬರುವುದಿಲ್ಲ. ಇದು ರೋಲಂಡ್ ಪಿಂಕಮ್ ಎಂದು ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ಜಗಳ ಈಗ ಬೇಡ.

114ನೆಯ ಪುಟದಲ್ಲಿ ಆ ಗಂಟಿನ ಬಾಲ ಎಡಕ್ಕೆ ಬಿದ್ದಿತ್ತು ಎಂದು ಬರೆದಿದ್ದೀಯ. ಅದನ್ನು ನಿನಗೆ ಯಾರು ಹೇಳಿದರು?

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಕೇಳಿದ್ದನ್ನು ಬಿಟ್ಟು ಕೇಳದ್ದಕ್ಕೆ ಉತ್ತರ ಕೊಡುತ್ತೀಯ. ಅಪ್ಪನ ಅಂತ್ಯಕ್ರಿಯೆ ಆದಮೇಲೆ ನಾವು ಮಾತಾಡದೆ ಆರು ವರ್ಷ ಮೇಲಾಯಿತು. ಇನ್ನು ನಾಲ್ಕು ದಿನ ಟಪಾಲಿಗೆ ಕಾಯುವುದು ಕಷ್ಟವಲ್ಲ.

ಆ ಸಾಲು ತೆಗೆ.

ಡಾರೆಲ್

*

ಅಥೆನ್ಸ್, ಒಹಾಯೊ
20 ಜನವರಿ 2023

ಡಾರೆಲ್,

ಯಾರೂ ಹೇಳಲಿಲ್ಲ. ಅದು ಕಾದಂಬರಿ. ಗಂಟು ನನ್ನ ಕಲ್ಪನೆ.

ಇಷ್ಟು ಬರೆದು ಎರಡು ದಿನ ಮೇಜಿನ ಮೇಲೆ ಇಟ್ಟೆ. ನಾನು ವಿದ್ಯಾರ್ಥಿಗಳಿಗೆ ಬಯ್ಯುವಂಥ ಉತ್ತರ ಅದು. ಇನ್ನೊಮ್ಮೆ ಬರೆಯುತ್ತೇನೆ.

ರೋಲಂಡ್‌ನ ಹಗ್ಗ ಕತ್ತರಿಸಿದ್ದು ಅಪ್ಪ ಎಂದು ನಾನು ಇಪ್ಪತ್ತೊಂದು ವರ್ಷದಿಂದ ನಂಬಿದ್ದೇನೆ. ಆ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮನೆಗೆ ಬಂದಾಗ, ಪ್ರತಿ ವರ್ಷ ಊಟದ ಮೇಜಿನಲ್ಲಿ ಟರ್ಕಿ ಕೋಳಿ ಕೊಯ್ಯುತ್ತಿದ್ದ ಅವರು ಆ ಸಲ ಕೊಯ್ಯಲಿಲ್ಲ, ಚಾಕು ನಿನ್ನ ಕೈಗೂ ಕೊಡಲಿಲ್ಲ, ಅಮ್ಮನ ಕೈಗೆ ಕೊಟ್ಟರು. ಅದನ್ನು ನೋಡಿದೆ. ನಾನು ಯಾರನ್ನೂ ಕೇಳಲಿಲ್ಲ, ಬದಲು ಬರೆಯಲು ಕೂತೆ. ನನ್ನ ಮೊದಲ ಪುಸ್ತಕ ಸಾವಿರದ ಇನ್ನೂರು ಪ್ರತಿ ಅಚ್ಚಾಯಿತು, ಐನೂರು ಹಿಂತಿರುಗಿ ಬಂದವು. ಎರಡನೆಯದು ಒಂದು ಬಹುಮಾನದ ಕೊನೆಯ ಐದರವರೆಗೆ ಹೋಯಿತು, ಆ ಒಂದು ವರ್ಷ ನನಗೆ ವಿಮಾನದ ಟಿಕೇಟು ಕಳಿಸುವವರಿದ್ದರು. ಮೂರನೆಯದಕ್ಕೆ ಎರಡು ವಿಮರ್ಶೆ, ಒಂದರಲ್ಲಿ ನನ್ನ ಹೆಸರೇ ತಪ್ಪಾಗಿತ್ತು. ನಾಲ್ಕು ಕಾಲೇಜುಗಳಲ್ಲಿ ವರ್ಷದ ಗುತ್ತಿಗೆಯ ಮೇಲೆ ಪಾಠ ಮಾಡಿದ್ದೇನೆ. ಈ ನಾಲ್ಕನೆಯ ಪುಸ್ತಕಕ್ಕೆ ಹನ್ನೊಂದು ವರ್ಷ ಹಿಡಿಯಿತು. ನನಗೆ ನಲವತ್ತೇಳು. ಇದು ನಡೆಯದಿದ್ದರೆ ಐದನೆಯದನ್ನು ಯಾರೂ ಕೇಳುವುದಿಲ್ಲ. ಇದನ್ನು ನನ್ನ ಸಂಪಾದಕರು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ.

ಮೊದಲ ಮೂರರಲ್ಲೂ ಎಲ್ಲೋ ಒಂದು ಬೋಟು ಖಾಲಿಯಾಗಿ ಬರುತ್ತದೆ, ಯಾರ ಕೈವಾಡ ಎಂದು ಹೇಳದೆ ಕಥೆ ಮುಂದೆ ಹೋಗುತ್ತದೆ. ಈ ಸಲ ತಪ್ಪಿಸಿಕೊಳ್ಳಲಿಲ್ಲ. ಅಪ್ಪ ಸತ್ತಿದ್ದಾರೆ, ಅವರಿಗೆ ಇನ್ನು ನೋವಾಗುವುದಿಲ್ಲ.

ಅಂತ್ಯಕ್ರಿಯೆಯ ಊಟದಲ್ಲಿ ನಾನು ಪ್ರಾರ್ಥನೆಯ ಚೀಟಿಯ ಹಿಂದೆ ಹಾಲಿಸ್‌ನ ಮಾತು ಬರೆದುಕೊಳ್ಳುತ್ತಿದ್ದೆ ಎಂದು ನೀನು ಎಲ್ಲರೆದುರು ಕೂಗಾಡಿದೆ. ಬರೆದುಕೊಳ್ಳುತ್ತಿದ್ದದ್ದು ನಿಜ. ಅದಕ್ಕೆ ಕ್ಷಮೆ ಇರಲಿ. ಈ ಸಾಲಿಗೆ ಕ್ಷಮೆ ಕೇಳುವುದಿಲ್ಲ, ತೆಗೆಯುವುದೂ ಇಲ್ಲ.

ಒಂದು ಮಾತು ತಿಳಿಯಲಿಲ್ಲ. ಸತ್ತವರ ಪರವಾಗಿ ನೀನೇಕೆ ಇಷ್ಟು ಹೆದರಿದ್ದೀಯ?

ಜನೀನ್

*

ಕಾರ್ಲಿಸ್ ಹಾರ್ಬರ್
31 ಜನವರಿ

ಜನೀನ್,

ಪುಸ್ತಕ ಈವರೆಗೆ ಐದು ಜನ ಓದಿದ್ದಾರೆ. ಕಾನಿ ಮೆರಿಟ್ ಕೌಂಟರಿನಲ್ಲಿ ಒಂದು ಹಾಳೆ ಅಂಟಿಸಿದ್ದಾಳೆ, ಕಾಯುವವರ ಹೆಸರು ಅದರಲ್ಲಿದೆ. ಮುಂದಿನ ಹೆಸರು ಐರಿಸ್ ಪಿಂಕಮ್‌ಳದು, ರೋಲಂಡ್‌ನ ಹೆಂಡತಿ. ಶಾಲೆಯ ಅಡುಗೆಮನೆ ಕೆಲಸ ಮುಗಿಸಿ ನೇರ ಬಂದು, ಏಪ್ರನ್ ಕೂಡ ತೆಗೆಯದೆ ಹೆಸರು ಬರೆದಳಂತೆ.

ಸೊಸೈಟಿಯಲ್ಲಿ ಹೋದ ವಾರ ಸೋಮವಾರ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಹಾಲಿಸ್ ಹೇಳಿದ: "ಮರ್ಟನ್ನ ಎಡಚ ಮಾಡಿಬಿಟ್ಟಿದಾಳಲ್ಲೋ ನಿಮ್ಮಕ್ಕ. ಅವನು ಎಡಗೈಲಿ ಮೂಗೂ ಕೆರ್ಕೊಂಡೋನಲ್ಲ."

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಡೀನ್ ಹೇಳಿದ: "ಕಾದಂಬರಿ ಕಣೋ ಮಾರಾಯ. ಅದ್ರಲ್ಲಿ ನಿನಗೂ ಹಲ್ಲಿದೆ."

"ಇರ್ಲಿ ಕಣೋ, ಎಡಚ ಯಾಕೆ? ಊರಲ್ಲಿ ಎಡಚರೇ ಇಲ್ಲ. ಗಂಟಿನ ಬಾಲ ಎಡಕ್ಕೆ ಬಿತ್ತು ಅಂತ ಬೇರೆ ಬರ್ದಿದಾಳೆ. ನಿಮ್ಮಕ್ಕ ಸುಮ್ನೆ ಬರೆಯೋಳಲ್ಲ, ಎಲ್ಲೋ ನೋಡಿರ್ತಾಳೆ."

ನಾನು ಕಾಫಿ ಮುಗಿಸಿ ಕಪ್ಪು ತೊಳೆದಿಟ್ಟೆ.

ಮರುದಿನ ಬೆಳಿಗ್ಗೆ ಏಳಕ್ಕೆ ಧಕ್ಕೆಗೆ ಹೋದಾಗ ಹಾಲಿಸ್ ಅಲ್ಲಿದ್ದ. ಎಪ್ಪತ್ತೊಂಬತ್ತು ವರ್ಷ, ಬೋಟು ಮಾರಿ ಐದು ವರ್ಷವಾಯಿತು, ಧಕ್ಕೆಯಲ್ಲಿ ಅವನಿಗೆ ಕೆಲಸವಿಲ್ಲ. ಕೈಯಲ್ಲಿ ಕಾಫಿ ಹಿಡಿದು, ಕಟ್ಟಿದ ಸಣ್ಣ ದೋಣಿಗಳ ಸಾಲಿನಲ್ಲಿ ಒಂದೊಂದರ ಹಗ್ಗವನ್ನೂ ಬಗ್ಗಿ ನೋಡುತ್ತ ಬರುತ್ತಿದ್ದ. ಒಟ್ಟು ಒಂಬತ್ತು ದೋಣಿ. ನನ್ನದು ಏಳನೆಯದು. ನಾನು ಬಂದಾಗ ಅವನು ನಾಲ್ಕನೆಯದರ ಹತ್ತಿರ ಇದ್ದ.

"ಏನ್ ಹುಡುಕ್ತಿದೀಯ ಹಾಲಿಸ್?"

"ಏನಿಲ್ಲ. ಕಣ್ಣಿಗೆ ವ್ಯಾಯಾಮ."

ನನ್ನ ಹಗ್ಗ ಬಿಚ್ಚಿ, ಆಚೆ ನೀರಿನಲ್ಲಿ ನಿಲ್ಲಿಸಿದ ಬೋಟಿಗೆ ಹೊರಟುಬಿಟ್ಟೆ. ಅವತ್ತು ಗಾಳಿ ಜೋರಿತ್ತು, ಸಮುದ್ರದ ತಳದಿಂದ ಚಿಪ್ಪುಮೀನು ಎಳೆಯುವ ದಿನವಲ್ಲ. ಸಂಜೆವರೆಗೆ ಸುಮ್ಮನೆ ಬೋಟಿನಲ್ಲಿ ಕೂತಿದ್ದೆ. ಬಂದಮೇಲೆ ದೋಣಿಯನ್ನು ಬೇರೆ ಗಂಟಿನಲ್ಲಿ ಕಟ್ಟಿದೆ. ನಲವತ್ತು ವರ್ಷದವನು ಗಂಟು ಹೊಸದಾಗಿ ಕಲಿಯುತ್ತಿದ್ದೇನೆ. ಮೂರು ಸಲ ತಪ್ಪಿತು.

ನಿನ್ನ ಪ್ರಶ್ನೆಗೆ ಉತ್ತರ ಮೇಲಿದೆ.

ಡಾರೆಲ್

*

ಅಥೆನ್ಸ್, ಒಹಾಯೊ
7 ಫೆಬ್ರವರಿ

ಡಾರೆಲ್,

ನಿನ್ನ ಕಾಗದ ಓದಿ ನನ್ನ ಹಳೆಯ ಕರಡುಗಳನ್ನೆಲ್ಲ ಕೆಳಗಿಳಿಸಿದೆ. ಹತ್ತು ಕರಡುಗಳಿವೆ. ಮೊದಲ ಕರಡಿನಲ್ಲಿಯೇ ಗಂಟಿನ ಬಾಲ ಎಡಕ್ಕಿದೆ. ಆದರೆ ಅದರಲ್ಲಿ ಅಪ್ಪ ಎಡಚರಲ್ಲ. ಮೂರನೆಯ ಕರಡಿನ ಅಂಚಿನಲ್ಲಿ ನನ್ನ ಒಬ್ಬ ಸ್ನೇಹಿತೆ "ಬಲಗೈಯವನ ಗಂಟು ಎಡಕ್ಕೆ ಹೇಗೆ ಬಿತ್ತು?" ಎಂದು ಪೆನ್ಸಿಲಿನಲ್ಲಿ ಕೇಳಿದ್ದಾಳೆ. ನಾನು ಗಂಟು ಸರಿಮಾಡುವ ಬದಲು ಮನುಷ್ಯನನ್ನು ಬದಲಾಯಿಸಿದೆ. ನಾಲ್ಕನೆಯ ಕರಡಿನಿಂದ ಅವರು ಎಡಚರು. ಗಂಟು ನನಗೆ ಅಷ್ಟು ಖಚಿತವಾಗಿತ್ತು, ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ನಿನ್ನೆ ನೆನಪಾಯಿತು. ನಿನಗೆ ಆರು ವರ್ಷ. ಅಪ್ಪ ಧಕ್ಕೆಯ ಕಂಬದ ಆ ಕಡೆ, ನೀನು ಈ ಕಡೆ, ಎದುರುಬದುರು ಕೂತು ಅರೆಗಂಟು ಕಲಿತೆ. ಕನ್ನಡಿಯಲ್ಲಿ ನೋಡಿ ಕಲಿತ ಹಾಗೆ. ಉಳಿದವರೆಲ್ಲ ಅಪ್ಪಂದಿರ ಪಕ್ಕ ನಿಂತು ಕಲಿತವರು. ಅಪ್ಪ ಅದನ್ನು ನೋಡಿ "ತಿರುಗುಮುರುಗ" ಎಂದು ನಿನ್ನ ತಲೆಗೆ ಮೊಟಕಿದರು. ಅಂದಿನಿಂದ ನಿನ್ನ ದೋಣಿಯ ಹಗ್ಗ ದೂರದಿಂದಲೇ ನಿನ್ನದು ಎಂದು ನನಗೆ ಗೊತ್ತಾಗುತ್ತಿತ್ತು. ಬಾಲ ಎಡಕ್ಕಿರುತ್ತಿತ್ತು.

ರೋಲಂಡ್‌ನ ಬೆಂಡಿನ ಗಂಟನ್ನು ನಾನು ಕಂಡೇ ಇಲ್ಲ, ಡಾರೆಲ್. ಗಂಟು ಅಂದರೆ ನನಗೆ ನೆನಪಾಗುವುದು ನಿನ್ನದು, ಅದನ್ನೇ ಬರೆದೆ. ಅದು ಅವನ ಬೆಂಡಿನ ಮೇಲೂ ಹಾಗೆಯೇ ಇತ್ತು ಎಂದು ನೀನು ಹೆದರಿದ ಮೇಲೆ ತಿಳಿಯಿತು.

ನೀನು ಹತ್ತೊಂಬತ್ತರ ಹುಡುಗ ಆಗ. ಹೌದೋ ಅಲ್ಲವೋ, ಒಂದು ಪದ ಬರೆ.

ಬೇಡ, ಬರೆಯಬೇಡ. ಬರೆದರೆ ಕಾಗದದ ಮೇಲೆ ಉಳಿಯುತ್ತದೆ.

ಜನೀನ್

*

ನ್ಯೂಯಾರ್ಕ್
10 ಫೆಬ್ರವರಿ 2023

ಪ್ರಿಯ ಜನೀನ್,

ಕೊನೆಯ ಸುತ್ತಿನ ಪ್ರೂಫ್ ಇದರೊಂದಿಗಿದೆ. ತಿದ್ದುಪಡಿಗಳು ಮಾರ್ಚ್ 3ರೊಳಗೆ ನನ್ನ ಮೇಜಿಗೆ ಬರಬೇಕು. ಪುಸ್ತಕ ಮೇ 16ಕ್ಕೆ ಅಂಗಡಿಗಳಲ್ಲಿರುತ್ತದೆ.

ಒಳ್ಳೆಯ ಸುದ್ದಿ: ವಾರಪತ್ರಿಕೆಯವರು ಏಳನೆಯ ಅಧ್ಯಾಯವನ್ನು ಏಪ್ರಿಲ್ ಕೊನೆಯ ಸಂಚಿಕೆಯಲ್ಲಿ ಇಡಿಯಾಗಿ ಹಾಕಲು ಒಪ್ಪಿದ್ದಾರೆ. ನಿಮ್ಮ ಹಿಂದಿನ ಮೂರು ಪುಸ್ತಕಗಳನ್ನು ಸೇರಿಸಿದರೂ ಅಷ್ಟು ಓದುಗರಾಗಲಿಲ್ಲ. ಆ ಗಂಟಿನ ಪುಟವೇ ಅವರನ್ನು ಹಿಡಿದದ್ದು.

ಇನ್ನೊಂದು ಕೆಲಸ. ನೀವು ಹೋದ ವರ್ಷ ಸಹಿ ಮಾಡಿದ ಹೇಳಿಕೆಯನ್ನು ನಮ್ಮ ವಕೀಲರು ಇನ್ನೊಮ್ಮೆ ಕೇಳುತ್ತಿದ್ದಾರೆ: ಪಾತ್ರಗಳು ಕಾಲ್ಪನಿಕ, ಬದುಕಿರುವ ಯಾವ ವ್ಯಕ್ತಿಯನ್ನೂ ಇದರಿಂದ ಗುರುತಿಸಲಾಗದು. ವಾಡಿಕೆಯ ಕಾಗದ. ಆದರೆ ಅದಿಲ್ಲದೆ ಪುಸ್ತಕ ಅಚ್ಚಿಗೆ ಹೋಗುವುದಿಲ್ಲ.

ನೀವು ಫೋನಿನಲ್ಲಿ ಆ ಅಧ್ಯಾಯದ ಒಂದು ಸಾಲನ್ನು ತೆಗೆಯಬಹುದೇ ಎಂದು ಕೇಳಿದಿರಿ. ತೆಗೆಯಬಹುದು. ಯಾಕೆ ಎಂದು ನಾನು ಕೇಳಿದೆ, ನೀವು ಹೇಳಲಿಲ್ಲ. ಹದಿನೇಳು ವರ್ಷಗಳಿಂದ ನಿಮ್ಮ ಹಸ್ತಪ್ರತಿ ಓದುತ್ತಿದ್ದೇನೆ. ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ತುಂಬಾ ಮಾತಾಡುತ್ತೀರಿ. ಮೊನ್ನೆ ಸುಮ್ಮನಿದ್ದಿರಿ.

ವಿಶ್ವಾಸದಿಂದ,
ಸ್ಟುವರ್ಟ್ ಲೀಬ್‌ಮನ್

*

ಕಾರ್ಲಿಸ್ ಹಾರ್ಬರ್
20 ಫೆಬ್ರವರಿ

ಜನೀನ್,

ಹೌದು.

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ಇದನ್ನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಇಲ್ಲ. ಒಂದು ಸಲ ಸರಿಯಾದ ಕ್ರಮದಲ್ಲಿ ಬರೆದುಬಿಡುತ್ತೇನೆ.

2001, ನವೆಂಬರ್ 7, ಬುಧವಾರ. ರೋಲಂಡ್‌ನ ಬೆಂಡುಗಳಿಗೆ ಗಂಟು ಹಾಕಿ ಬಾ ಎಂದು ಅಪ್ಪ ಹೇಳಿದರು. ರೋಲಂಡ್ ನಮ್ಮೂರಿಗೆ ಬಂದು ಹತ್ತು ವರ್ಷವಾಗಿತ್ತು, ಹನ್ನೆರಡು ಮೈಲಿ ಆಚೆಯವನು, ನಮಗೆ ಹೊರಗಿನವನೇ. ಹದಿನಾಲ್ಕು ಬೆಂಡಿಗೆ ಗಂಟು ಹಾಕಿದೆ. ಹಾಕಿದಮೇಲೆ ಒಂದು ವಾರ ಕಾಯಬೇಕು. ಅದು ಎಲ್ಲರಿಗೂ ಗೊತ್ತಿರುವ ಲೆಕ್ಕ, ನನಗೂ ಗೊತ್ತಿತ್ತು.

ಶುಕ್ರವಾರ ಅಪ್ಪನಿಗೆ ಜ್ವರ, ಬೋಟಿನಲ್ಲಿ ನಾನೊಬ್ಬನೇ ಇದ್ದೆ. ಅವನ ಹಗ್ಗ ನಮ್ಮ ಹಗ್ಗಕ್ಕೆ ಸುತ್ತಿಕೊಂಡು ನಮ್ಮ ಎರಡು ಬೋನು ಹೋದವು. ಸಿಟ್ಟು ಬಂತು. ಹದಿನಾಲ್ಕನ್ನೂ ಕತ್ತರಿಸಿದೆ. ಇಪ್ಪತ್ತು ನಿಮಿಷದ ಕೆಲಸ.

ಭಾನುವಾರ ಅವನು ಹೋದ. ಉಳಿದದ್ದು ನಿನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಒಂದು. ಆಮೇಲೆ ಅವನ ಇಂಜಿನ್ ರಿಪೇರಿ ಮಾಡಿದವನು ಹೇಳಿದ್ದು ನನ್ನ ಕಿವಿಗೆ ಬಿತ್ತು. ಮಂಗಳವಾರದಿಂದ ಶನಿವಾರದವರೆಗೆ ರೋಲಂಡ್‌ನ ಬೋಟು ದಡದಲ್ಲೇ ಇತ್ತು. ಅವನು ಆ ಗಂಟು ನೋಡಲೇ ಇಲ್ಲ. ಶನಿವಾರ ಹೋಗುವಷ್ಟರಲ್ಲಿ ಬೆಂಡುಗಳು ತೇಲಿಹೋಗಿದ್ದವು. ಎಚ್ಚರಿಕೆ ಕೊಟ್ಟರೂ ಕೇಳಲಿಲ್ಲ, ಹಟಮಾರಿ ಎಂದು ಊರು ಈಗಲೂ ಹೇಳುತ್ತದೆ. ಅವನಿಗೆ ಎಚ್ಚರಿಕೆ ತಲುಪಿರಲೇ ಇಲ್ಲ.

ಅಪ್ಪನಿಗೆ ಆ ವಾರವೇ ಗೊತ್ತಾಯಿತು. ಅವತ್ತಿನಿಂದ ನನ್ನನ್ನು ಬೋಟಿನಲ್ಲಿ ಒಬ್ಬನನ್ನೇ ಬಿಡಲಿಲ್ಲ.

ಮೀನುಗಾರಿಕೆ ಇಲಾಖೆಯ ವಾರ್ಡನ್‌ಗೆ ಗೊತ್ತಾದರೆ ಮೀನುಗಾರಿಕೆ ಲೈಸೆನ್ಸ್ ಹೋಗುತ್ತದೆ, ಅದಕ್ಕಿಂತ ಹೆಚ್ಚೇನು ಹೋಗುತ್ತದೆ ಎಂದು ಯಾವ ವಕೀಲನನ್ನೂ ಕೇಳುವ ಧೈರ್ಯ ನನಗಿಲ್ಲ. ನನಗೆ ಬೇರೆ ಕೆಲಸ ಬರುವುದಿಲ್ಲ.

ಎಡಕ್ಕೆ ಎಂಬುದನ್ನು ಬಲಕ್ಕೆ ಮಾಡು. ಒಂದು ಪದ. ಬೇರೆ ಏನೂ ಕೇಳುವುದಿಲ್ಲ.

ಡಾರೆಲ್

*

ಅಥೆನ್ಸ್, ಒಹಾಯೊ
25 ಫೆಬ್ರವರಿ

ಡಾರೆಲ್,

ಪ್ರೂಫಿನಲ್ಲಿ 114ನೆಯ ಪುಟ ತೆರೆದು, "ಎಡಕ್ಕೆ" ಹೊಡೆದು "ಬಲಕ್ಕೆ" ಎಂದು ಬರೆದೆ. ನಿನ್ನ ಕಾಗದ ಬಂದ ದಿನವೇ. ಯೋಚಿಸಲೂ ಇಲ್ಲ.

ಆಮೇಲೆ ಇನ್ನೊಂದು ಯೋಚನೆ ಬಂತು. ಕಾನಿ ಮೆರಿಟ್‌ಳ ಲೈಬ್ರರಿಯಲ್ಲಿ ಹಳೆಯ ಪ್ರತಿ ಇದೆ. ಮೇ ತಿಂಗಳಲ್ಲಿ ಅದರ ಪಕ್ಕಕ್ಕೆ ಹೊಸದು ಬರುತ್ತದೆ. ಹಾಲಿಸ್ ಎರಡನ್ನೂ ತೆರೆದು ಇಟ್ಟುಕೊಳ್ಳುತ್ತಾನೆ. ಮುನ್ನೂರು ಪುಟಗಳಲ್ಲಿ ಬದಲಾದದ್ದು ಒಂದೇ ಪದ ಎಂದು ಅವನಿಗೆ ಕಾಣುತ್ತದೆ. ಇಷ್ಟು ದಿನ ಅದು ಕಾದಂಬರಿಕಾರಳ ಅಡ್ಡಾದಿಡ್ಡಿ ಕಲ್ಪನೆ ಎಂದಾದರೂ ಅನ್ನಬಹುದಿತ್ತು. ತಿದ್ದಿದ ಮೇಲೆ ಅದು ಸಾಕ್ಷಿ. ಯಾರನ್ನು ಉಳಿಸಲು ತಿದ್ದಿದಳು ಎಂದು ಕೇಳುತ್ತಾರೆ. ನನಗೆ ಊರಿನಲ್ಲಿ ಉಳಿದಿರುವವನು ಒಬ್ಬನೇ.

ಹಾಗಾಗಿ ತಿದ್ದಿದ್ದನ್ನು ಮತ್ತೆ ಹೊಡೆದುಹಾಕಿದೆ. ಪುಟ ಈಗ ಗಲೀಜಾಗಿದೆ.

ಪುಸ್ತಕವನ್ನೇ ಹಿಂತೆಗೆದುಕೊಳ್ಳಬಹುದು. ಅದಕ್ಕೆ ಧೈರ್ಯ ಸಾಲುತ್ತಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ನೀನು ಲೈಸೆನ್ಸ್ ಬಗ್ಗೆ ಬರೆದದ್ದನ್ನೇ ನಾನು ಇದರ ಬಗ್ಗೆ ಬರೆಯಬೇಕು: ನನಗೂ ಬೇರೆ ಕೆಲಸ ಬರುವುದಿಲ್ಲ.

ಒಂದು ದಾರಿ ಕಾಣುತ್ತದೆ, ನಿನಗೆ ಹಿಡಿಸುವುದಿಲ್ಲ. ಐರಿಸ್ ಆ ಪುಟಕ್ಕೆ ಬರುವ ಮೊದಲು ನೀನು ಅವಳ ಹತ್ತಿರ ಹೋಗು.

ಜನೀನ್

*

ಕಾರ್ಲಿಸ್ ಹಾರ್ಬರ್
28 ಫೆಬ್ರವರಿ 2023

ಜನೀನ್ ಕ್ರೌಲಿಗೆ,

ನಿನ್ನ ಪುಸ್ತಕವನ್ನು ಭಾನುವಾರ ಮುಗಿಸಿದೆ. ವಿಳಾಸ ಕೊಟ್ಟವಳು ಕಾನಿ ಮೆರಿಟ್.

ಮೊದಲು ತಪ್ಪುಗಳನ್ನು ಹೇಳುತ್ತೇನೆ. ಮುಳುಗಿದವನ ಹೆಂಡತಿ ಕಿಟಕಿಯಲ್ಲಿ ನಿಂತು ಸಮುದ್ರ ನೋಡುತ್ತಾಳೆ ಎಂದು ಮೂರು ಕಡೆ ಬರೆದಿದ್ದೀಯ. ನನ್ನ ಕಿಟಕಿಯಿಂದ ಸಮುದ್ರ ಕಾಣಿಸುವುದಿಲ್ಲ, ಟ್ರಕ್ ರಿಪೇರಿಯ ಶೆಡ್ಡು ಕಾಣಿಸುತ್ತದೆ. ಅವಳು ಯಾರನ್ನೂ ಏನೂ ಕೇಳುವುದಿಲ್ಲ. ನಾನು ಕೇಳಿದೆ. ಮೂರು ಬಂದರು ತಿರುಗಿ ಮನೆಮನೆಯ ಅಡುಗೆಕೋಣೆಯಲ್ಲಿ ನಿಂತು ಕೇಳಿದ್ದೇನೆ. ನಿಮ್ಮ ಮನೆಗೂ ಬಂದಿದ್ದೆ. ನಿಮ್ಮಪ್ಪ ಕಾಫಿ ಕೊಟ್ಟ, ನನ್ನ ಮುಖ ನೋಡಲಿಲ್ಲ. ಡಾರೆಲ್ ಎದ್ದು ಹೊರಗೆ ಹೋದ. ವಯಸ್ಸಿನ ಹುಡುಗ, ಅಳುವ ಹೆಂಗಸಿನ ಎದುರು ಸಂಕೋಚ ಎಂದುಕೊಂಡೆ. ನಾನು ಅವತ್ತು ಅಳುತ್ತಿರಲಿಲ್ಲ. ಅದು ಭಾನುವಾರ ನೆನಪಾಯಿತು.

ಇನ್ನು ಸರಿಯಾಗಿರುವುದು. ಆ ಡಿಸೆಂಬರಿನಲ್ಲಿ ಒಂದು ಬೆಂಡು ಮರಳಿಗೆ ಬಂದು ಬಿದ್ದಿತ್ತು. ವಾರ್ಡನ್ ಅದನ್ನು ನನಗೆ ತಂದುಕೊಟ್ಟ, ಗಂಟು ಹಾಗೇ ಇತ್ತು, ಅದು ಯಾವ ಕಡೆಗಿದೆ ಎಂದು ಅವನು ಗಮನಿಸಲಿಲ್ಲ. ಅದನ್ನು ಬಿಚ್ಚಿಲ್ಲ, ಯಾರಿಗೂ ತೋರಿಸಿಯೂ ಇಲ್ಲ. ನಿನ್ನ ಪುಸ್ತಕ ಓದಿ ನನ್ನ ಹಿತ್ತಿಲ ಶೆಡ್ಡಿನ ಗೋಡೆಯಿಂದ ಇಳಿಸಿ ನೋಡಿದೆ. ಬಾಲ ಎಡಕ್ಕಿದೆ. ಇಪ್ಪತ್ತೊಂದು ವರ್ಷ ಅದನ್ನು ನೋಡುತ್ತಿದ್ದೆ, ಏನು ನೋಡಬೇಕು ಎಂದು ಗೊತ್ತಿರಲಿಲ್ಲ.

ಅದು ಹಾಗಿದೆ ಎಂದು ತಿಳಿದಿರಬಹುದಾದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬ ಕಟ್ಟಿದವನು. ನೀನು ಅವತ್ತು ಊರಲ್ಲಿರಲಿಲ್ಲ.

ನೀನು ಆ ಗಂಟನ್ನು ಎಲ್ಲಿ ನೋಡಿದೆ? ಮಾರ್ಚ್ 15ರವರೆಗೆ ಕಾಯುತ್ತೇನೆ. ಆಮೇಲೆ ಪುಸ್ತಕವನ್ನೂ ಬೆಂಡನ್ನೂ ವಾರ್ಡನ್‌ಗೆ ಕೊಡುತ್ತೇನೆ, ಅವರು ಕೇಳಿಕೊಳ್ಳಲಿ. ಕಲ್ಪನೆ ಎಂದು ಮಾತ್ರ ಬರೆಯಬೇಡ. ಕಲ್ಪನೆ ಹೇಗಿರುತ್ತದೆ ಎಂದು ಆ ಹೆಂಡತಿಯಲ್ಲಿ ನೋಡಿದ್ದೇನೆ.

ಐರಿಸ್ ಪಿಂಕಮ್

*

ಅಥೆನ್ಸ್, ಒಹಾಯೊ
6 ಮಾರ್ಚ್

ಡಾರೆಲ್,

ಐರಿಸ್ ನನಗೆ ಬರೆದಿದ್ದಾಳೆ. ಅವಳ ಕಾಗದದ ನಕಲು ಇದರೊಂದಿಗಿದೆ, ಮೊದಲು ಅದನ್ನು ಓದು.

ಓದಿದೆಯಾ? ಈಗ ಎರಡನೆಯ ಲಕೋಟೆ. ಅವಳ ಹೆಸರಿದೆ, ಅಂಟಿಸಿಲ್ಲ. ಒಳಗೆ ನನ್ನ ಉತ್ತರವಿದೆ, ಒಂದೇ ಸಾಲು: "ಐರಿಸ್, ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟವನ ದೋಣಿಯಲ್ಲಿ ನೋಡಿದೆ."

ಇದನ್ನು ಟಪಾಲಿಗೆ ಹಾಕಿದರೆ ಅರ್ಥವಿಲ್ಲ. ಕೈಯಲ್ಲೇ ಕೊಡಬೇಕು. ಕೊಡದೆಯೂ ಇರಬಹುದು, ಒಲೆಗೆ ಹಾಕಬಹುದು. 15ರವರೆಗೆ ನಾನು ಏನೂ ಮಾಡುವುದಿಲ್ಲ. 16ರಂದು ನಾನೇ ಅವಳಿಗೆ ಬರೆಯುತ್ತೇನೆ, ಅದರಲ್ಲಿ ಹೆಸರಿರುತ್ತದೆ. ನನ್ನ ಮೇಲೆ ನಿನಗೆ ಎಷ್ಟು ಸಿಟ್ಟು ಬರುತ್ತದೆ ಎಂದು ಗೊತ್ತು. ಅವಳಿಗೆ ಸುಳ್ಳು ಬರೆಯಲು ನಾಲ್ಕು ಸಲ ಕೂತೆ. ಸುಳ್ಳು ಕಟ್ಟುವುದು ನನ್ನ ಕಸುಬು, ಇದೊಂದು ಬರಲಿಲ್ಲ.

ಪುಸ್ತಕದ ವಿಷಯ. ಮಾರ್ಚ್ 3ಕ್ಕೆ ಪ್ರೂಫ್ ಕಳಿಸಲಿಲ್ಲ. ಬದುಕಿರುವ ಯಾರನ್ನೂ ಗುರುತಿಸಲಾಗದು ಎಂಬ ಹೇಳಿಕೆಗೆ ಸಹಿ ಹಾಕಲಾರೆ ಎಂದು ನನ್ನ ಸಂಪಾದಕ ಸ್ಟುವರ್ಟ್‌ಗೆ ಬರೆದೆ. ಅವರು ಫೋನ್ ಮಾಡಿದರು. "ಯಾರು ಜನೀನ್?" ಎಂದರು. ಹೇಳಲಿಲ್ಲ. "ಮುಂದಿನ ವರ್ಷಕ್ಕೆ ಇಡಲೋ ಅಥವಾ ಪೂರ್ತಿ ಬಿಡಲೋ?" ಎಂದರು. ಆಮೇಲೆ ಹೇಳುತ್ತೇನೆ ಎಂದೆ. ಮೇ ಪಟ್ಟಿಯಿಂದ ಶುಕ್ರವಾರ ತೆಗೆದರು. ವಾರಪತ್ರಿಕೆ ಆ ಜಾಗಕ್ಕೆ ಬೇರೆ ಯಾರದೋ ಕಥೆ ಹಾಕಿಕೊಂಡಿದೆ. ಇದನ್ನು ನಿನ್ನ ಮೇಲೆ ಹೊರಿಸಲು ಬರೆಯುತ್ತಿಲ್ಲ. ಗಂಟನ್ನು ನಂಬಿ ಮನುಷ್ಯನನ್ನು ಬದಲಾಯಿಸಿದವಳು ನಾನು.

ಜನೀನ್

*

ಕಾರ್ಲಿಸ್ ಹಾರ್ಬರ್
13 ಮಾರ್ಚ್ 2023

ಜನೀನ್,

ಶನಿವಾರ ಮಧ್ಯಾಹ್ನ ಎರಡಕ್ಕೆ ಐರಿಸ್‌ಗೆ ನಿನ್ನ ಲಕೋಟೆ ಕೊಟ್ಟೆ. ಅದಕ್ಕೆ ಮೊದಲು ಹೆಂಡತಿಗೆ ಹೇಳಿದೆ. ಅವಳು ತನ್ನ ಅಕ್ಕನ ಮನೆಗೆ ಹೋಗಿದ್ದಾಳೆ, ಯಾವಾಗ ಬರುತ್ತಾಳೆ ಎಂದು ಹೇಳಿಲ್ಲ.

ನಿನ್ನ ಮೇಲೆ ಸಿಟ್ಟು ಬಂತು. ಮೂರು ದಿನ ಲಕೋಟೆ ಟ್ರಕ್ಕಿನಲ್ಲಿತ್ತು. ಎರಡು ಸಲ ಒಲೆಯ ಬಾಗಿಲು ತೆಗೆದೆ.

ಐರಿಸ್ ಹೊರಗೆ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಉಪ್ಪು ಎರಚುತ್ತಿದ್ದಳು. ಅವಳು ಅಂದದ್ದು, ನಾನು ಅಂದದ್ದು ಇಷ್ಟು.

"ಏನು, ಡಾರೆಲ್?"

"ಜನೀನ್ ಕಳ್ಸಿದಾಳೆ."

ಓದಿದಳು. ಕೈಯಲ್ಲಿದ್ದ ಉಪ್ಪಿನ ಡಬ್ಬ ಕೆಳಗಿಟ್ಟಳು.

"ನಿಮ್ಮಪ್ಪ ಹೇಳಿದ್ನಾ?"

"ಗಂಟು ಹಾಕೋಕೆ ಹೇಳಿದ್ರು. ಕತ್ತರಿಸಿದ್ದು ನಾನೇ. ಆಗ ಅವ್ರಿಗೆ ಗೊತ್ತಿರ್ಲಿಲ್ಲ."

"ಯಾವತ್ತು ಹಾಕ್ದೆ?"

"ಬುಧವಾರ."

ಅವಳು ಬೆರಳಿನಲ್ಲಿ ದಿನ ಎಣಿಸಿದಳು. ಅದು ಅವಳಿಗೆ ಗೊತ್ತಿರಲಿಲ್ಲ ಎಂದು ಆಗ ತಿಳಿಯಿತು. ಯಾವ ದಿನ ಎನ್ನುವುದು ಕಟ್ಟಿದವನಿಗೆ ಮಾತ್ರ ಗೊತ್ತಿತ್ತು.

"ಬುಧವಾರ ಅವನ ಇಂಜಿನ್ ಈ ಅಂಗಳದಲ್ಲಿ ಬಿಚ್ಚಿ ಬಿದ್ದಿತ್ತು" ಅಂದಳು. "ಹಾಗಾದ್ರೆ ಅವನು ನೋಡೇ ಇಲ್ಲ."

"ಇಲ್ಲ."

"ಎಚ್ಚರಿಕೆ ನೋಡಿಯೂ ಹಟ ಮಾಡ್ದ, ನನ್ನ ಬಗ್ಗೆ ಯೋಚ್ನೆ ಮಾಡ್ಲಿಲ್ಲ ಅಂತ ಇಪ್ಪತ್ತೊಂದು ವರ್ಷ ಅವನನ್ನ ಬಯ್ದಿದೀನಿ ಡಾರೆಲ್. ಸಮಾಧಿ ಮುಂದೆ ನಿಂತು ಬಯ್ದಿದೀನಿ. ಒಳಗೆ ಅವನಿಲ್ಲದ ಸಮಾಧಿ."

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ಬೇಡ" ಅಂದಳು. "ಆ ಪದ ನೀನು ಇವತ್ತು ಹೇಳ್ಬೇಡ. ನಿನಗೆ ಹಗುರ ಆಗುತ್ತೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲೇ ನಿಂತಿದ್ದೆ, ಕಾಲು ಮರಗಟ್ಟಿತು. ಅರ್ಧ ಗಂಟೆಯಾದ ಮೇಲೆ ಕೋಟು ಹಾಕಿಕೊಂಡು ಹೊರಗೆ ಬಂದಳು.

"ವಾರ್ಡನ್‌ಗೆ ನಾನು ಹೇಳಲ್ಲ. ನೀನು ಹೇಳ್ತೀಯ. ನಾನು ಆ ಕೋಣೆಲಿ ಕೂತಿರ್ತೀನಿ. ಅವನು ಗಂಟು ನೋಡ್ಲಿಲ್ಲ ಅನ್ನೋದನ್ನ ಮೊದ್ಲು ಹೇಳು. ಅದನ್ನ ಅವರು ಬರ್ಕೋಬೇಕು. ಆಮೇಲೆ ಉಳಿದದ್ದು."

ಆಗಲಿ ಎಂದೆ.

ಪುಸ್ತಕ ಮೇಯಲ್ಲಿ ಬರುವುದಿಲ್ಲ ಎಂದು ತಿಳಿಸಿದೆ. "ಬರೋದು ಬಿಡೋದು ಅವಳಿಷ್ಟ" ಅಂದಳು. "ನನಗೋಸ್ಕರ ನಿಲ್ಲಿಸ್ದೆ ಅಂತ ಮಾತ್ರ ಎಲ್ಲೂ ಹೇಳ್ಕೊಂಡು ತಿರುಗೋದು ಬೇಡ. ನಾನು ನಿಲ್ಲಿಸು ಅಂದಿಲ್ಲ."

ಇವತ್ತು ಬೆಳಿಗ್ಗೆ ಸೊಸೈಟಿಯಲ್ಲಿ ಹಾಲಿಸ್‌ಗೆ ಮತ್ತು ಡೀನ್‌ಗೆ ನಾನೇ ಹೇಳಿದೆ. ಡೀನ್ ಎದ್ದು ಹೋದ. ಹಾಲಿಸ್ ಕನ್ನಡಕ ತೆಗೆದು ಒರೆಸುತ್ತ, "ನನಗೆ ಜನವರಿಲೇ ಗೊತ್ತಾಯ್ತು, ಗೊತ್ತಾಗಿದ್ದೇ ತಪ್ಪಾಯ್ತು" ಎಂದ. ಮುಂದೆ ಸೊಸೈಟಿ ನನ್ನ ಮಾಲು ತೆಗೆದುಕೊಳ್ಳುತ್ತದೋ ಇಲ್ಲವೋ ಯಾರೂ ಹೇಳಲಿಲ್ಲ.

ಪಟ್ಟಣದಲ್ಲಿ ಒಬ್ಬ ವಕೀಲರ ಹತ್ತಿರ ಫೋನಿನಲ್ಲಿ ಮಾತಾಡಿದೆ. ಲೈಸೆನ್ಸ್ ಬಹುಶಃ ಹೋಗುತ್ತದೆ, ಉಳಿದದ್ದು ಇಷ್ಟು ವರ್ಷದ ಮೇಲೆ ಹೇಗೋ ಏನೋ, ನೋಡಿ ಹೇಳಬೇಕು ಎಂದರು. ತಾವು ಜೊತೆಗೆ ಬರುವವರೆಗೆ ಒಂದು ಮಾತೂ ಆಡಬೇಡ ಎಂದರು. ಈಗಾಗಲೇ ಐವರಿಗೆ ಹೇಳಿದ್ದೇನೆ ಎಂದೆ.

ನಿನ್ನ 7 ಫೆಬ್ರವರಿ ಕಾಗದವನ್ನೂ ನನ್ನ 20ರ ಕಾಗದವನ್ನೂ ಅವರು ನೋಡಬೇಕಂತೆ. ನನ್ನದು ನಿನ್ನ ಹತ್ತಿರ ಇದೆ. ನಕಲು ಬೇಡ, ಮೂಲವನ್ನೇ ಕಳಿಸು.

ವಾರ್ಡನ್ ಕಚೇರಿಯಲ್ಲಿ ಭೇಟಿ ಮಾರ್ಚ್ 21, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ. ಐರಿಸ್ ತನ್ನ ಕಾರಿನಲ್ಲಿ ಬರುತ್ತಾಳೆ. ನಾನು ನನ್ನ ಟ್ರಕ್ಕಿನಲ್ಲಿ ಹೋಗುತ್ತೇನೆ.

ಡಾರೆಲ್